ಊಟವೇ ಗೂಟ, ಉಳಿದದ್ದೆಲ್ಲ ಹಗ್ಗ

ಪ್ರಶ್ನೆ: ನಾವು ತುಮಕೂರಿನವರು. ಮನೆಯಲ್ಲಿ ಅತ್ತೆ, ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, 5 ವರ್ಷದ ಮಗ. ಅತ್ತೆಗೆ 71 ವರ್ಷ, ಮಂಡಿನೋವು, ಶುಗರ್ ಇದೆ. ನಮ್ಮಕ್ಕ ಚಿಕ್ಕಬಳ್ಳಾಪುರದಲ್ಲಿದ್ದಾಳೆ. ನಾದಿನಿಯನ್ನು ಕೋಲಾರಕ್ಕೆ ಕೊಟ್ಟಿದ್ದೇವೆ. ತಿಂಗಳಿಗೊಂದು ದಿನ ಮೂರೂ ಮನೆಯವರು ಎಲ್ಲಾದರೂ ಹೊರಗೆ ಸೇರಬೇಕು ಅಂತ ಆಸೆ. ಆದರೆ ಯಜಮಾನರಿಗೆ ಶಿಫ್ಟ್ ಕೆಲಸ, ವಾರದ ರಜೆ ಬದಲಾಗುತ್ತಲೇ ಇರುತ್ತದೆ. ಎಷ್ಟು ಪ್ಲಾನ್ ಮಾಡಿದರೂ ಕೆಡುತ್ತದೆ. ಒಮ್ಮೆ ಕೋಲಾರದವರು ಬರುವುದು ತಡವಾಗಿ ಎಲ್ಲರಿಗೂ ಸಿಟ್ಟು. ಇನ್ನೊಮ್ಮೆ ನಾವು ಹೋಗುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿತ್ತು. ಹೋದ ಸಲ ಮಗ ಬೆಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡ. ಈಗ ಅತ್ತೆ 'ನಾನು ಮನೆಯಲ್ಲೇ ಇರ್ತೀನಿ, ನೀವು ಹೋಗ್ಬನ್ನಿ' ಅನ್ನುತ್ತಾರೆ. ಆಗಿಂದಾಗ್ಗೆ ಬದಲಾಯಿಸಿಕೊಳ್ಳಲು ಬರುವ ಹಾಗೆ ಪ್ಲಾನ್ ಮಾಡುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಅತ್ತೆಯವರು ಹೇಳಿದ ಮಾತನ್ನು ನಾನು ಎರಡು ಸಲ ಓದಿದೆ. ಕೋಲಾರದಿಂದ ಬರುವುದು ಅವರ ಸ್ವಂತ ಮಗಳು. ಮಗಳು ಬರುತ್ತಾಳೆ ಅಂತ ಗೊತ್ತಿದ್ದೂ ತಾಯಿ 'ನಾನು ಬರಲ್ಲ' ಅಂದರೆ ಅದು ಆಸೆ ಇಲ್ಲದೆ ಹೇಳಿದ ಮಾತಲ್ಲ. ತನ್ನಿಂದ ಮಿಕ್ಕವರ ದಿನ ಹಾಳಾಗುತ್ತದೆ ಅನ್ನುವ ಭಯ ಅದು. ಹಾಗಾಗಿ ನಿಮ್ಮ ಪ್ಲಾನ್ ಶುರುವಾಗಬೇಕಾದದ್ದು ನೋಡುವ ಜಾಗದಿಂದ ಅಲ್ಲ, ಅತ್ತೆಯವರ ಮಂಡಿಯಿಂದ ಮತ್ತು ಮಗನ ಹೊಟ್ಟೆಯಿಂದ. ಇವರಿಬ್ಬರಿಗೆ ಒಗ್ಗುವ ದಿನ ಮಿಕ್ಕ ಎಲ್ಲರಿಗೂ ಒಗ್ಗುತ್ತದೆ.

ನಾನು 22 ವರ್ಷದಿಂದ ಚಿಕ್ಕಬಳ್ಳಾಪುರದಲ್ಲಿ ಕುಟುಂಬಗಳಿಗೆ ಕಾರು, ಟೆಂಪೊ ಟ್ರಾವೆಲರ್ ಗೊತ್ತುಮಾಡಿ ಪ್ರವಾಸ ಮಾಡಿಸುತ್ತಿದ್ದೇನೆ. ದಿನ ಕೆಟ್ಟ ಕಡೆಗಳಲ್ಲೆಲ್ಲ ಒಂದೇ ಕಾರಣ ಕಂಡಿದ್ದೇನೆ. ಎಲ್ಲರೂ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸೇರಬೇಕು ಅಂತ ಇಟ್ಟುಕೊಳ್ಳುತ್ತಾರೆ. ಬೆಳಗ್ಗೆ ಅನ್ನುವುದು ಮನೆಯಲ್ಲಿ ಯಾರ ಕೈಗೂ ಸಿಗದ ಹೊತ್ತು. ನೀರು ಬರುವುದು ತಡವಾಗುತ್ತದೆ. ಮಗು ಏಳುವುದಿಲ್ಲ. ಹೊರಡುವಾಗ ಯಾರೋ ಮನೆಗೆ ಬರುತ್ತಾರೆ. ಒಬ್ಬರು ಒಂದು ಗಂಟೆ ತಡವಾದರೆ ಮೂರೂ ಮನೆಯವರು ಬಿಸಿಲಲ್ಲಿ ನಿಂತು ಕಾಯಬೇಕು. ಆ ಸಿಟ್ಟು ಸಂಜೆಯವರೆಗೂ ಇರುತ್ತದೆ.

ಬೆಳಗ್ಗೆ ಸೇರುವುದನ್ನು ಬಿಟ್ಟುಬಿಡಿ. ಮಧ್ಯಾಹ್ನ ಊಟಕ್ಕೆ ಸೇರಿ.

ಹಸುವನ್ನು ಬಯಲಲ್ಲಿ ಮೇಯಲು ಬಿಡುವಾಗ ಏನು ಮಾಡುತ್ತೇವೆ? ಗೂಟ ಗಟ್ಟಿಯಾಗಿ ಹೊಡೆದು ಹಗ್ಗ ಉದ್ದ ಬಿಡುತ್ತೇವೆ. ಹಸು ಬೇಕಾದ ಕಡೆ ಮೇಯುತ್ತದೆ, ಕಳೆದುಹೋಗುವುದಿಲ್ಲ. ನಿಮ್ಮ ದಿನಕ್ಕೂ ಗೂಟ ಒಂದೇ ಇರಲಿ. ಮಧ್ಯಾಹ್ನ 12:30ಕ್ಕೆ ಇಂಥ ಕಡೆ ಊಟ. ಅದಕ್ಕೆ ಮುಂಚಿನದು, ಅದರ ನಂತರದ್ದು ಎಲ್ಲ ಹಗ್ಗ. ಬೇಕಾದರೆ ಎಳೆಯಬಹುದು, ಬೇಡವಾದರೆ ಸಡಿಲ ಬಿಡಬಹುದು.

ಊಟವನ್ನೇ ಯಾಕೆ ಹಿಡಿದೆ ಅಂದರೆ, ನಮ್ಮ ಕಡೆ ಬಹಳಷ್ಟು ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಹೆಚ್ಚಾಗಿ 12:30, 1 ಗಂಟೆಗೆ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆ ನಾಲ್ಕೈದಕ್ಕೆ. ಬಿಸಿಲು ಏರುವುದೂ ಅದೇ ಹೊತ್ತು. ಅತ್ತೆಯವರ ಶುಗರ್ ಮಾತ್ರೆಗೂ ಊಟಕ್ಕೂ ಹೊತ್ತಿನ ನಂಟಿದೆ, ಅದು ತಪ್ಪಬಾರದು. ಐದು ವರ್ಷದ ಹುಡುಗನಿಗೆ ಹಸಿವಾಗುವುದೂ ಆಗಲೇ. ಇಷ್ಟೆಲ್ಲ ಒಂದೇ ಹೊತ್ತಿಗೆ ಬಂದು ಕೂಡುವಾಗ, ಕೂತು ಉಣ್ಣುವುದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಇನ್ನೊಂದು ಲಾಭವನ್ನು ನೀವು ಮೊದಲ ಸಲವೇ ನೋಡುತ್ತೀರಿ. ಕೋಲಾರದವರು ಒಂದು ಗಂಟೆ ತಡವಾಗಿ ಹೊರಟರು ಅಂತಿಟ್ಟುಕೊಳ್ಳಿ. ಅವರು ದಾರಿಯಲ್ಲಿ ನೋಡಬೇಕಿದ್ದ ಒಂದು ಜಾಗ ಬಿಡುತ್ತಾರೆ, ಅಷ್ಟೇ. ನಿಮಗೆ ಏನೂ ಕೆಡಲಿಲ್ಲ. ಅವರು ತಡ ಆದದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ಒಂದು ಕಟ್ಟುನಿಟ್ಟು ಬೇಕು. 12:30ಕ್ಕೆ ಎಲೆ ಹಾಕಿಬಿಡಿ. ಎಲ್ಲರೂ ಬಂದಿರಲಿ, ಬಿಡಲಿ. ಇದು ನಮ್ಮವರಿಗೆ ಕಷ್ಟ, ನನಗೆ ಗೊತ್ತು. ಬರುವವರನ್ನು ಬಿಟ್ಟು ಉಂಡರೆ ಏನಂದುಕೊಂಡಾರು ಅಂತ ಹಿರಿಯರು ಕೈ ಕಟ್ಟಿ ಕೂರುತ್ತಾರೆ. ಮಕ್ಕಳು ಹಸಿದು ಅಳುತ್ತವೆ. ಬರುವವರು ದಾರಿಯಲ್ಲಿ 'ನಮಗೋಸ್ಕರ ಕಾಯ್ತಿದ್ದಾರೆ' ಅಂತ ಗಾಡಿ ಜೋರಾಗಿ ಓಡಿಸುತ್ತಾರೆ. ಈ ಕೊನೆಯದೇ ನನಗೆ ಜಾಸ್ತಿ ಭಯ. ಹೊರಡುವ ಹಿಂದಿನ ರಾತ್ರಿಯೇ ಮೂರೂ ಮನೆಯವರು ಮಾತಾಡಿಕೊಳ್ಳಿ: ಬಂದವರು ಉಣ್ಣುತ್ತೇವೆ, ಬರುವವರಿಗೆ ಮುಚ್ಚಿಟ್ಟಿರುತ್ತೇವೆ, ನಿಧಾನವಾಗಿ ಬನ್ನಿ. ವಾಟ್ಸಾಪ್‌ನಲ್ಲಿ 'ಹೊರಟೆವು' ಅಂತ ಒಂದು, 'ಬಂದೆವು' ಅಂತ ಒಂದು ಸಾಕು. ಗಾಡಿ ಓಡಿಸುವವರಿಗೆ ಫೋನ್ ಮಾಡಿ 'ಎಲ್ಲಿದ್ದೀರಾ' ಅಂತ ಕೇಳಬೇಡಿ.

ಈಗ ಗೂಟ ಎಲ್ಲಿ ಹೊಡೆಯುವುದು ಅಂತ ನೋಡೋಣ.

ನಮ್ಮ ಮೂರು ಜಿಲ್ಲೆಯವರಿಗೂ ಒಂದು ಅಭ್ಯಾಸ ಇದೆ. ಎಲ್ಲಿಗೆ ಹೋಗಬೇಕಾದರೂ ಮನಸ್ಸಿನಲ್ಲಿ ಮೊದಲು ಬೆಂಗಳೂರು ಬರುತ್ತದೆ. ತುಮಕೂರಿನಿಂದ ಕೋಲಾರ ಅಂದರೆ ಯಶವಂತಪುರ, ಕೆ.ಆರ್. ಪುರ ಹಾದು ಹೋಗುವುದು ಅಂತಲೇ ತಿಳಿದಿದ್ದೇವೆ. ಬೆಂಗಳೂರಿನ ಒಳಗೆ ಹೊಕ್ಕರೆ ಅರ್ಧ ದಿನ ಹೋಯಿತು. ಹೊರಗಿನಿಂದಲೇ ಎರಡು ದಾರಿ ಇವೆ. ಒಂದು, ತುಮಕೂರಿನಿಂದ ದಾಬಸ್‌ಪೇಟೆ, ಅಲ್ಲಿಂದ ಎಡಕ್ಕೆ ದೊಡ್ಡಬಳ್ಳಾಪುರ. ಇದೇ ರಸ್ತೆ ಮುಂದೆ ದೇವನಹಳ್ಳಿ ಕಡೆಯಿಂದ ಹೊಸಕೋಟೆ ತನಕ ಹೋಗುತ್ತದೆ, ಈಗ ಅಗಲವಾಗಿದೆ. ಇನ್ನೊಂದು ಹಳೇ ದಾರಿ. ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು. ಹಿಂದೆ ಇದಕ್ಕೆ ಹೆದ್ದಾರಿ 234 ಅನ್ನುತ್ತಿದ್ದರು. ಮೂರೂ ಜಿಲ್ಲೆಗಳನ್ನು ಒಂದೇ ದಾರದಲ್ಲಿ ಹೂವಿನ ಹಾಗೆ ಪೋಣಿಸಿದ ರಸ್ತೆ ಇದು. ಮಕ್ಕಳಿಗೆ ಈ ಊರುಗಳ ಹೆಸರನ್ನು ಸಾಲಾಗಿ ಬಾಯಿಪಾಠ ಮಾಡಿಸಿ. ಮುಂದಿನ ಊರು ಯಾವುದು ಅಂತ ಕೇಳುತ್ತಾ ಹೋದರೆ ದಾರಿ ಸವೆಯುತ್ತದೆ.

ನಿಮ್ಮ ಮೂರು ಮನೆಗೂ ಸರಿಹೊಂದುವ ಗೂಟ ನಂದಿ ಗ್ರಾಮ. ಬೆಟ್ಟದ ಮೇಲಲ್ಲ, ಬೆಟ್ಟದ ಕೆಳಗೆ. ನಿಮಗೆ ದೊಡ್ಡಬಳ್ಳಾಪುರದ ಮೇಲೆ ಸುಮಾರು ಎರಡು ಗಂಟೆ. ಕೋಲಾರದವರಿಗೆ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಹೆಚ್ಚುಕಡಿಮೆ ಅಷ್ಟೇ. ನಿಮ್ಮಕ್ಕನಿಗೆ ಮನೆ ಬಾಗಿಲಲ್ಲೇ ಇದ್ದ ಹಾಗೆ.

ಅಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಒಂಬತ್ತನೇ ಶತಮಾನದಷ್ಟು ಹಳೆಯದು. ನಂತರ ಬಂದ ಅರಸರು ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋಗಿದ್ದಾರೆ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಮಂಟಪದ ಕಂಬಗಳ ಕೆತ್ತನೆಯನ್ನು ಮಗಳಿಗೆ ತೋರಿಸಿ, ಗಿಳಿ ಎಷ್ಟಿವೆ ಎಣಿಸು ಅನ್ನಿ. ಅರ್ಧ ಗಂಟೆ ಅವಳು ನಿಮ್ಮ ಕೈಗೆ ಸಿಗುವುದಿಲ್ಲ. ಒಳಗಡೆಯೇ ದೊಡ್ಡ ಕಲ್ಯಾಣಿ ಇದೆ, ಸುತ್ತ ಮೆಟ್ಟಿಲು, ಸುತ್ತ ಮಂಟಪ. ಅತ್ತೆಯವರಿಗೆ ನಾನು ಹೇಳುವುದು ಈ ಜಾಗ. ಹತ್ತುವ ಬೆಟ್ಟ ಇಲ್ಲ. ನೆರಳಲ್ಲಿ ಕಂಬಕ್ಕೆ ಒರಗಿ ಕೂತರೆ ನೀರು ಕಾಣುತ್ತದೆ, ಮೊಮ್ಮಕ್ಕಳೂ ಕಾಣುತ್ತಾರೆ. ಮಕ್ಕಳು ಮಾತ್ರ ನೀರಿನ ಅಂಚಿಗೆ ಹೋಗದ ಹಾಗೆ ಒಬ್ಬರು ಕಾಯಲೇಬೇಕು.

'ಇಷ್ಟು ದೂರ ಬಂದು ನಂದಿ ಬೆಟ್ಟ ಹತ್ತಬೇಡವೇ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಭಾನುವಾರ ಆದರೆ ಬೇಡ ಅನ್ನುವುದೇ ನನ್ನ ಮಾತು. ಬೆಟ್ಟ 1,478 ಮೀಟರ್ ಎತ್ತರ. ಮೇಲಿನ ತಂಪು, ಮಂಜು ಎಲ್ಲ ನಿಜವಾಗಿಯೂ ಚೆಂದ. ಆದರೆ ರಜೆಯ ದಿನ ಬೆಳಗಿನ ಜಾವದಿಂದಲೇ ಬೆಂಗಳೂರಿನ ಗಾಡಿಗಳು ಸಾಲು ನಿಲ್ಲುತ್ತವೆ. ತಿರುವಿನಲ್ಲಿ ನಿಂತ ಗಾಡಿಯೊಳಗೆ ವಾಂತಿ ಬರುವ ಮಗು, ಬಾತ್‌ರೂಮಿಗೆ ಹೋಗಬೇಕಾದ ಅಜ್ಜಿ ಇಬ್ಬರನ್ನೂ ಕೂರಿಸಿಕೊಂಡು ಕಾಯುವುದು ಬೇಡ.

ಇಲ್ಲಿ ನಿಮ್ಮ ಯಜಮಾನರ ಶಿಫ್ಟ್ ಕೆಲಸಕ್ಕೆ ಬರುತ್ತದೆ. ರಜೆ ಬದಲಾಗುವುದನ್ನು ನೀವು ಕಷ್ಟ ಅಂತ ಬರೆದಿದ್ದೀರಿ. ನನ್ನ ಕಣ್ಣಿಗೆ ಅದು ನಿಮಗೆ ಸಿಕ್ಕ ಅನುಕೂಲ. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಅವರಿಗೆ ಮಂಗಳವಾರ, ಬುಧವಾರ ಬಿಡುವು ಸಿಕ್ಕರೆ ನಂದಿ ಬೆಟ್ಟವನ್ನು ಆ ದಿನಕ್ಕೆ ಎತ್ತಿಡಿ. ಜನ ನೂಕಿಕೊಂಡು ಹೋಗುವ ಜಾಗಗಳೆಲ್ಲ ವಾರದ ನಡುವಿನ ದಿನಕ್ಕೆ, ಸದ್ದಿಲ್ಲದ ಜಾಗಗಳು ಭಾನುವಾರಕ್ಕೆ. ದೇವರ ವಾರಗಳನ್ನೂ ನೋಡಿಕೊಳ್ಳಿ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರ, ಪಾವಗಡದ ಶನಿಮಹಾತ್ಮನಿಗೆ ಶನಿವಾರ ಜನ ಕಿಕ್ಕಿರಿದಿರುತ್ತಾರೆ. ಮಂಡಿನೋವಿನವರು ಸಾಲಿನಲ್ಲಿ ನಿಲ್ಲಲಾರರು.

ನಂದಿಯಲ್ಲಿ ಊಟ ಮುಗಿಸಿದ ಮೇಲೆ ಹಗ್ಗ ಎಷ್ಟಿದೆ ನೋಡಿ. ಎಲ್ಲರಿಗೂ ಹುಮ್ಮಸ್ಸಿದ್ದರೆ ಹತ್ತಿರದಲ್ಲೇ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆ ಈಗ ವಸ್ತುಸಂಗ್ರಹಾಲಯ, ಸಮಾಧಿಯೂ ಅಲ್ಲೇ ಇದೆ. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಶಾಲೆಯ ಪುಸ್ತಕದಲ್ಲಿ ಕನ್ನಂಬಾಡಿ ಕಟ್ಟೆಯ ಪಾಠ ಓದಿದ ಹುಡುಗಿಗೆ ಆ ಪುಟ್ಟ ಮನೆ ನೋಡುವುದೇ ಬೇರೆ ಅನುಭವ. ಮಕ್ಕಳಿಗೆ ದೊಡ್ಡದೇನಾದರೂ ನೋಡಬೇಕು ಅನಿಸಿದರೆ ಆವಲಗುರ್ಕಿ ಬಳಿ ಈಶಾ ಫೌಂಡೇಶನ್‌ನವರ 112 ಅಡಿಯ ಆದಿಯೋಗಿ ಮೂರ್ತಿ ಇದೆ. ಅಲ್ಲಿ ಭಾನುವಾರ ಸಂಜೆ ರಶ್ ಜಾಸ್ತಿ, ಅದನ್ನು ತಿಳಿದೇ ಹೊರಡಿ. ಯಾರಿಗೂ ಏನೂ ಬೇಡ ಅನಿಸಿದರೆ? ಅಕ್ಕನ ಮನೆಯಲ್ಲಿ ಚಾಪೆ ಹಾಸಿ ಒಂದು ನಿದ್ದೆ. ಅದೂ ಪ್ರವಾಸವೇ. ಅಕ್ಕತಂಗಿಯರು ಅಡುಗೆಮನೆಯಲ್ಲಿ ನಿಂತು ಮಾತಾಡಿದ ಒಂದು ಗಂಟೆಗೆ ಯಾವ ಬೆಟ್ಟವೂ ಸಾಟಿ ಇಲ್ಲ ಅಂತ ನನಗೆ ಎಷ್ಟೋ ಜನ ಹೇಳಿದ್ದಾರೆ.

ಒಂದು ಎಚ್ಚರ. ಅಕ್ಕನ ಮನೆ ಹತ್ತಿರ ಅಂತ ಅಡುಗೆಯೆಲ್ಲ ಅವರ ತಲೆಗೆ ಕಟ್ಟಬೇಡಿ. ಅಷ್ಟೂ ಜನಕ್ಕೆ ಬೇಯಿಸಿದವರು ಮೂರನೇ ತಿಂಗಳು 'ಈ ಸಲ ಬೇಡ' ಅಂದೇ ಅನ್ನುತ್ತಾರೆ. ಮೂರು ಮನೆಗೂ ಹಂಚಿಕೊಳ್ಳಿ. ದೂರದಿಂದ ಬರುವವರು ಒಣ ಪದಾರ್ಥ ತನ್ನಿ: ಚಪಾತಿ, ಪುಳಿಯೋಗರೆ, ಚಿತ್ರಾನ್ನ, ಪಲ್ಯ. ಹತ್ತಿರದವರು ಚೆಲ್ಲುವ ಪದಾರ್ಥ ನೋಡಿಕೊಳ್ಳಲಿ: ಅನ್ನ, ಸಾರು, ಮೊಸರು. ಬಿಸಿ ಸಾರಿನ ಪಾತ್ರೆಯನ್ನು ತೊಡೆ ಮೇಲಿಟ್ಟುಕೊಂಡು 80 ಕಿಲೋಮೀಟರ್ ಬರುವುದು ಬೇಡ. ಬೇಸಿಗೆಯಲ್ಲಿ ಕಾಯಿ ಹಾಕಿದ್ದು ಬೇಗ ಹಳಸುತ್ತದೆ, ಪುಳಿಯೋಗರೆಯೇ ಕ್ಷೇಮ. ಅತ್ತೆಯವರಿಗೆ ಎರಡು ಚಪಾತಿ ಬೇರೆ ಡಬ್ಬಿಯಲ್ಲಿರಲಿ. ಊಟ ಯಾವುದೋ ಕಾರಣಕ್ಕೆ ತಡವಾದರೂ ಅವರು ತಿಂದು ಮಾತ್ರೆ ತೆಗೆದುಕೊಳ್ಳಬಹುದು.

ಮೂರೂ ಮನೆ ಪ್ರತಿ ತಿಂಗಳು ಸೇರುವ ಆಸೆಯನ್ನು ಸ್ವಲ್ಪ ಸಡಿಲಿಸಿ. ತುಮಕೂರಿನಿಂದ ಕೋಲಾರ ದೂರವೇ. ಮೂರು ತಿಂಗಳಿಗೊಮ್ಮೆ ಮೂರೂ ಮನೆ ನಂದಿಯಲ್ಲಿ ಸೇರಿ. ಮಿಕ್ಕ ತಿಂಗಳುಗಳಲ್ಲಿ ಎರಡೆರಡು ಮನೆ ಸಾಕು. ಯಾರಿಗೂ ಆಗದಿದ್ದರೆ ನೀವೊಬ್ಬರೇ ಅರ್ಧ ದಿನ ಸುತ್ತಿ ಬನ್ನಿ.

ಚಿಕ್ಕಬಳ್ಳಾಪುರದ ಅಕ್ಕ ಮತ್ತು ನೀವು ಮಾತ್ರ ಅಂದರೆ ಗೂಟ ಗೌರಿಬಿದನೂರು. ನೀವು ಕೊರಟಗೆರೆ ಮೇಲೆ ಬನ್ನಿ, ಅವರು ಮಂಚೇನಹಳ್ಳಿ ಮೇಲೆ ಬರಲಿ. ಅಲ್ಲಿಂದ ಕೆಲವೇ ಕಿಲೋಮೀಟರ್ ವಿದುರಾಶ್ವತ್ಥ. ವಿದುರ ಅರಳಿ ಗಿಡ ನೆಟ್ಟ ಜಾಗ ಅಂತ ಪ್ರತೀತಿ. ಎಲ್ಲಿ ನೋಡಿದರೂ ನಾಗರಕಲ್ಲು. 1938ರ ಏಪ್ರಿಲ್ 25ರಂದು ಇಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಅನ್ನುವುದು ಅದಕ್ಕೇ. ಸ್ಮಾರಕ ಇದೆ, ಸ್ವಾತಂತ್ರ್ಯ ಹೋರಾಟದ ಚಿತ್ರಗಳೂ ಇವೆ. ಅಜ್ಜಿ ನಾಗರಕಲ್ಲಿಗೆ ಕೈಮುಗಿಯಲಿ, ಮೊಮ್ಮಗಳು ಚಿತ್ರ ನೋಡಲಿ. ಒಂದೇ ಆವರಣದಲ್ಲಿ ಎರಡು ತಲೆಮಾರಿಗೂ ಬೇಕಾದದ್ದು ಸಿಗುವ ಇಂಥ ಜಾಗ ಅಪರೂಪ. ನನಗೆ ತುಂಬಾ ಪ್ರೀತಿಯ ಜಾಗ ಇದು. ನಮ್ಮವರೇ ಇದನ್ನು ಅಷ್ಟಾಗಿ ನೋಡಿಲ್ಲ ಅನ್ನುವುದು ಬೇಸರ.

ಕೋಲಾರಕ್ಕೆ ಹೋಗುವುದಾದರೆ ಒಂದೇ ದಿನದಲ್ಲಿ ಹೋಗಿ ಬರಬೇಡಿ. ಹಿಂದಿನ ಸಂಜೆಯೇ ಹೋಗಿ ನಾದಿನಿಯ ಮನೆಯಲ್ಲಿ ಮಲಗಿ. ಅತ್ತೆಯವರಿಗೆ ಮಗಳ ಮನೆಯಲ್ಲಿ ಒಂದು ರಾತ್ರಿ ಸಿಕ್ಕ ಹಾಗೂ ಆಯಿತು. ಬೆಳಗ್ಗೆ ಊರೊಳಗಿನ ಕೋಲಾರಮ್ಮ, ಸೋಮೇಶ್ವರ ಎರಡೂ ದೇವಸ್ಥಾನ ಆರಾಮವಾಗಿ ನೋಡಬಹುದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಅವಳಿಗೆ ಕೈಮುಗಿದರೆ ಚೇಳು ಕಚ್ಚುವುದಿಲ್ಲ ಅಂತ ನಂಬಿಕೆ. ನೆಲದಲ್ಲೇ ಇರುವ ಹುಂಡಿಗೆ ಕಾಸು ಹಾಕುವುದನ್ನು ಮಕ್ಕಳು ಮರೆಯುವುದಿಲ್ಲ. ಊಟ ನಾದಿನಿಯ ಮನೆಯಲ್ಲಿ. ಇಷ್ಟವಿದ್ದವರು ಬೆಳಗ್ಗೆ ಬಿಸಿಲು ಏರುವ ಮೊದಲೇ ಅಂತರಗಂಗೆಗೆ ಹೋಗಿ ಬರಲಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಮೆಟ್ಟಿಲಿದೆ, ಕೋತಿಗಳಿವೆ, ಅತ್ತೆಯವರಿಗೆ ಬೇಡ. ಮುಳಬಾಗಿಲು ಕಡೆ ಹೊರಟರೆ ಕುರುಡುಮಲೆ ಗಣಪತಿ, ಒಂದೇ ಕಲ್ಲಿನದು, 13 ಅಡಿಗೂ ಮಿಕ್ಕಿದ ಎತ್ತರ. ಮುಳಬಾಗಿಲು ದೋಸೆ ತಿನ್ನದೆ ಬರಬೇಡಿ. ಬಂಗಾರಪೇಟೆ ಪಾನಿಪುರಿ ನೋಡಲು ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಬಲು ಖಾರ. ಚಿಕ್ಕವನಿಗೆ ಕೊಡಬೇಡಿ. ಕೆಜಿಎಫ್ ತೋರಿಸಿ ಅಂತ ಮಗಳು ಹಠ ಮಾಡಬಹುದು. ಗಣಿ 2001ರಲ್ಲೇ ಮುಚ್ಚಿತು. ಹಾಗೆ ಸುಮ್ನೆ ಹೋಗಿ ಇಳಿದು ನೋಡುವ ಜಾಗ ಅದಲ್ಲ ಅಂತ ಮೊದಲೇ ಹೇಳಿಬಿಡಿ.

ಇನ್ನು ತುಮಕೂರಿನ ಅರ್ಧ ದಿನಗಳು. ಯಜಮಾನರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ, ಮಧ್ಯಾಹ್ನ ಎದ್ದ ದಿನಕ್ಕೆ ಇವು. ಕೈದಾಳ ಹತ್ತಿರದಲ್ಲೇ ಇದೆ. ಜಕಣಾಚಾರಿಯ ಕತೆಯನ್ನು ಅತ್ತೆಯವರಿಂದಲೇ ಹೇಳಿಸಿ, ಕಲ್ಲೊಳಗಿನ ಕಪ್ಪೆ, ಕತ್ತರಿಸಿದ ಕೈ, ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಮರಳಿ ಬಂದ ಕೈ. ದೇವರಾಯನದುರ್ಗದ ತಿರುವುಗಳು ಮಗನಿಗೆ ಆಗದಿದ್ದರೆ ಕೆಳಗಿನ ನಾಮದ ಚಿಲುಮೆಯಲ್ಲೇ ನಿಲ್ಲಿ. ರಾಮ ಹಣೆಗೆ ನಾಮ ಇಡಲು ಬಾಣ ಬಿಟ್ಟು ನೀರು ತೆಗೆದ ಅಂತ ಅಲ್ಲಿನ ಕತೆ. ಜಿಂಕೆಗಳಿವೆ, ಅವನಿಗೆ ಅಷ್ಟು ಸಾಕು. ಮಂದರಗಿರಿಯಲ್ಲಿ ಮೇಲಿನ ಬಸದಿಗಳಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಆದರೆ ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದ 81 ಅಡಿಯ ಗುರುಮಂದಿರ ಕೆಳಗೇ ಇದೆ. ಮಗಳು ಅಪ್ಪನ ಜೊತೆ ಹತ್ತಲಿ, ಅತ್ತೆ ಕೆಳಗೆ ಕೂರಲಿ. ಸಿದ್ಧಗಂಗೆಗಂತೂ ನಾನು ಹೇಳಬೇಕಾಗಿಲ್ಲ. ದೂರದವರು ನಿಮ್ಮೂರಿಗೆ ಬಂದ ದಿನ ಗೂಟ ಅಲ್ಲೇ ಇರಲಿ. ದಾಸೋಹದ ಸಾಲಿನಲ್ಲಿ ಎಲ್ಲರ ಜೊತೆ ಕೂತು ಉಂಡದ್ದು ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. 111 ವರ್ಷ ಬಾಳಿದ ಶಿವಕುಮಾರ ಸ್ವಾಮೀಜಿಯವರ ಬಗ್ಗೆ ಹೇಳಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಜನವರಿಯಿಂದ ಬೇಸಿಗೆಯವರೆಗೆ ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕಾರಿನಿಂದ ಇಳಿದು ತಲೆ ಎತ್ತಿದರೆ ಸಾಕು. ಊರಿನವರೇ ಅವನ್ನು ಕಾಪಾಡಿಕೊಂಡು ಬಂದಿದ್ದಾರೆ, ಗದ್ದಲ ಮಾಡದೆ ನೋಡಿ ಬನ್ನಿ.

ಈ ಜಾಗಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಅರ್ಧ ದಿನದ್ದು, ಇಡೀ ದಿನದ್ದು, ರಾತ್ರಿ ಉಳಿಯುವುದು. ಶಿಫ್ಟ್ ಗೊತ್ತಾದ ಸಂಜೆ ಒಂದು ಚೀಟಿ ಕಿತ್ತುಕೊಳ್ಳುವುದಷ್ಟೇ ಕೆಲಸ. ಚರ್ಚೆ ಮಾಡುವುದು ಒಮ್ಮೆ ಸಾಕು, ತಿಂಗಳು ತಿಂಗಳು ಬೇಡ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಜಾಸ್ತಿ ಮಳೆ ಬೀಳುವ ತಿಂಗಳು, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆಗ ಬಂಡೆ, ಮೆಟ್ಟಿಲು ಇರುವ ಚೀಟಿ ಮುಟ್ಟಬೇಡಿ. ಮಧುಗಿರಿ ಬೆಟ್ಟ ನಿಮ್ಮ ಯಾವ ಚೀಟಿಯಲ್ಲೂ ಇರುವುದು ಬೇಡ. ಅದು ಕಡಿದಾದ ಏಕಶಿಲೆ, ಗಟ್ಟಿಮುಟ್ಟಾದವರು ಬೆಳಗ್ಗೆ ಬೇಗ ಹತ್ತಬೇಕಾದದ್ದು.

ಈಗ ಅತ್ತೆಯವರ ವಿಷಯ, ನನಗೆ ಇದೇ ಮುಖ್ಯ.

ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ದೊಡ್ಡ ಕುಟುಂಬವನ್ನು ಏಪ್ರಿಲ್ ತಿಂಗಳಲ್ಲಿ ಒಂದೇ ದಿನ ನಾಲ್ಕು ಜಾಗ ನೋಡಲು ಕರೆದುಕೊಂಡು ಹೋಗಿದ್ದೆ. ಮೂರನೇ ದೇವಸ್ಥಾನ ತಲುಪಿದಾಗ ಸುಡು ಮಧ್ಯಾಹ್ನ. ಬಾಗಿಲು ಹಾಕುವ ಮೊದಲು ದರ್ಶನ ಆಗಲಿ ಅಂತ ನಾನೇ ಅವಸರ ಮಾಡಿದೆ. ಆ ಮನೆಯ ಅಜ್ಜಿ ಬರಿಗಾಲಲ್ಲಿ ಕಲ್ಲುಹಾಸಿನ ಮೇಲೆ ನಡೆದರು. ಶುಗರ್ ಇದ್ದವರು, ಪಾದದಲ್ಲಿ ಸ್ಪರ್ಶ ಕಡಿಮೆ. ಸುಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗಾಡಿಗೆ ಬಂದು ಕೂತಾಗ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಗಾಯ ಮಾಯಲು ಎರಡು ತಿಂಗಳಾಯಿತು. ತಪ್ಪು ನನ್ನದೇ. ಅಂದಿನಿಂದ ನನ್ನ ಗಾಡಿಯಲ್ಲಿ ದಪ್ಪ ಹತ್ತಿಯ ಕಾಲುಚೀಲ ಇಲ್ಲದೆ ಹೊರಡುವುದಿಲ್ಲ, ಬೆಳಗ್ಗೆ 11:30ರ ಮೇಲೆ ಹಿರಿಯರನ್ನು ಕಲ್ಲಿನ ಮೇಲೆ ಇಳಿಸುವುದಿಲ್ಲ.

ಹಿರಿಯರು ಹೇಳದೆ ಬಚ್ಚಿಡುವ ಇನ್ನೊಂದು ಕಷ್ಟ ಇದೆ. ದಾರಿಯಲ್ಲಿ ಬಾತ್‌ರೂಮ್ ಸಿಗುತ್ತದೋ ಇಲ್ಲವೋ ಅಂತ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ತಲೆಸುತ್ತು ಬರುವುದು ಬಿಸಿಲಿನಿಂದ ಮಾತ್ರ ಅಲ್ಲ, ಇದರಿಂದಲೂ. ಹೊರಡುವ ಮುಂಚೆ ಅತ್ತೆಯವರಿಗೆ ಬಾಯಿಬಿಟ್ಟು ಹೇಳಿ: ದಾಬಸ್‌ಪೇಟೆಯಲ್ಲಿ ಒಮ್ಮೆ ನಿಲ್ಲಿಸುತ್ತೇವೆ, ದೊಡ್ಡಬಳ್ಳಾಪುರದಲ್ಲಿ ಒಮ್ಮೆ. ಪೆಟ್ರೋಲ್ ಬಂಕ್, ಬಸ್ ಸ್ಟ್ಯಾಂಡ್, ಒಳ್ಳೆ ಹೋಟೆಲ್ ಯಾವುದಾದರೂ ಸರಿ. ಅವರು ಕೇಳುವ ತನಕ ಕಾಯಬೇಡಿ. ಮಗನಿಗೂ ಅದೇ ನಿಲುಗಡೆ ಒಳ್ಳೆಯದು. ಹೊರಡುವ ದಿನ ಅವನಿಗೆ ಹಾಲು, ಎಣ್ಣೆ ತಿಂಡಿ ಬೇಡ. ಕ್ಯಾತಸಂದ್ರದಲ್ಲಿ ಅರ್ಧ ತಟ್ಟೆ ಇಡ್ಲಿ ಸಾಕು. ಗಾಡಿಯಲ್ಲಿ ಮೊಬೈಲ್ ನೋಡಲು ಕೊಡಬೇಡಿ, ದೂರದ ಬೆಟ್ಟ ತೋರಿಸುತ್ತಾ ಕಿಟಕಿ ಸ್ವಲ್ಪ ಇಳಿಸಿ.

ಕಾರಿನಲ್ಲಿ ಜಾಗ ಸಾಲದಿದ್ದರೆ ಒಂದಿಬ್ಬರು ಬಸ್ಸಲ್ಲಿ ಬನ್ನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಗುರುತಿನ ಚೀಟಿ ಕೈಯಲ್ಲಿರಲಿ. ಎಷ್ಟೋ ಮನೆಯ ಹೆಂಗಸರು ಬಸ್ಸಲ್ಲಿ ಬಂದು ಊಟಕ್ಕೆ ಸೇರಿಕೊಳ್ಳುವುದನ್ನು ನಾನು ನೋಡಿದ್ದೇನೆ. ಖರ್ಚಿಗೆ ಮೂರೂ ಮನೆಯಿಂದ ಒಂದು ಡಬ್ಬಿಗೆ ಸಮನಾಗಿ ಹಾಕಿ, ಟೋಲ್, ಡೀಸೆಲ್, ಚಹಾ ಎಲ್ಲ ಅದರಿಂದಲೇ. ದೂರ ಹೋದ ದಿನ ಸಂಜೆ 4 ಗಂಟೆಗೆ ಎಲ್ಲಿದ್ದರೂ ಮನೆಯ ಕಡೆ ತಿರುಗಿ. ಕತ್ತಲಾದ ಮೇಲೆ ದಣಿದ ಕಣ್ಣಿನಲ್ಲಿ ಗಾಡಿ ಓಡಿಸುವುದು ಬೇಡ, ಅದರಲ್ಲೂ ಯಜಮಾನರು ರಾತ್ರಿ ಪಾಳಿ ಮಾಡಿ ಬಂದ ವಾರ.

ಅತ್ತೆಯವರನ್ನು ಹೊರಡಿಸಲು ನಾನು ಒಂದು ದಾರಿ ಹೇಳುತ್ತೇನೆ. ಅವರ ಜೊತೆ ಕೂರುವವರು ಯಾರು ಅಂತ ಹಿಂದಿನ ದಿನವೇ ಸರದಿ ಹಾಕಿಕೊಳ್ಳಿ. ನಂದಿಯಲ್ಲಿ ಮೊದಲ ಸರದಿ ನಾದಿನಿಯದು. 'ಅಮ್ಮನಿಗೋಸ್ಕರ ನಾನು ಉಳಿದೆ' ಅನ್ನುವ ಮಾತು ಬಾಯಲ್ಲಿ ಬರಬಾರದು. 'ನನಗೂ ಸಾಕಾಯ್ತು, ಇಲ್ಲೇ ಕೂತ್ಕೋತೀನಿ' ಅನ್ನಲಿ. ಊರಿಗೆ ಬಂದ ಮಗಳ ಜೊತೆ ಕಲ್ಯಾಣಿಯ ಮಂಟಪದಲ್ಲಿ ಒಂದು ಗಂಟೆ ಸಿಕ್ಕರೆ ಅವರು ಮುಂದಿನ ಸಲ ತಾವೇ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

ಮೊದಲ ಸಲಕ್ಕೆ ಅಷ್ಟೇ ಇಟ್ಟುಕೊಳ್ಳಿ. ತುಮಕೂರನ್ನು 8 ಗಂಟೆಯ ಹೊತ್ತಿಗೆ ಬಿಡಿ. ಕ್ಯಾತಸಂದ್ರದಲ್ಲಿ ತಿಂಡಿ, ದಾರಿಯಲ್ಲಿ ಎರಡು ನಿಲುಗಡೆ, 10:30ರ ಸುಮಾರಿಗೆ ಭೋಗನಂದೀಶ್ವರ. 12:30ಕ್ಕೆ ನಂದಿಯಲ್ಲೇ ಊಟ. ಆಮೇಲೆ ಮುದ್ದೇನಹಳ್ಳಿಯೋ ನಿದ್ದೆಯೋ ಅಂತ ಊಟವಾದ ಮೇಲೆ ಅತ್ತೆಯವರನ್ನೇ ಕೇಳಿ. ಅತ್ತೆಯವರ ಕಾಲುಚೀಲ ಮಾತ್ರ ಇಂದೇ ತೆಗೆದಿಡಿ.